ಪಾಯಿಂಟಿಗೊಂದು ಪೆಟ್ಟಿಗೆ, ಸಂಬಳಕ್ಕೆ ಯಾವುದು?



ತಾಂಡೂರಿನ ಕಲ್ಲುಗಣಿಯಲ್ಲಾಗಲಿ ಜಹೀರಾಬಾದಿನ ಕಾರ್ಖಾನೆಯಲ್ಲಾಗಲಿ ದುಡಿಯುವ ನಮ್ಮಲ್ಲಿ ವಿಮಾನ ಹತ್ತಿದವರು ಕಡಿಮೆ. ನಾರಾಯಣಖೇಡದ ಕಡೆಯಿಂದ ಹೈದರಾಬಾದಿಗೆ ಕೂಲಿಗೆ ಹೋದವರಿಗೂ ವಿಮಾನವೆಂದರೆ ತಲೆಯ ಮೇಲಿನ ಸದ್ದು. ಆದರೂ ವಿಮಾನ ಕಂಪೆನಿಗಳ ಪಾಯಿಂಟಿನ ಲೆಕ್ಕವನ್ನು ನಾವು ತಿಳಿದಿರತಕ್ಕದ್ದು.

ಪದೇಪದೇ ತನ್ನಲ್ಲೇ ಪ್ರಯಾಣ ಮಾಡುವವರ ಹೆಸರಿನಲ್ಲಿ ಕಂಪೆನಿ ಪಾಯಿಂಟು ಬರೆದಿಡುತ್ತದೆ. ಸಾಕಷ್ಟು ಕೂಡಿದರೆ ಒಂದು ಟಿಕೆಟು ಪುಕ್ಕಟೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದನ್ನು ದೊಡ್ಡದಾಗಿ ಆರಂಭಿಸಿತು. ಮುಂದೆ ಬ್ಯಾಂಕುಗಳು ತಮ್ಮ ಕಾರ್ಡುದಾರರಿಗೆ ಹಂಚಲು ಪಾಯಿಂಟುಗಳನ್ನು ಹಣ ಕೊಟ್ಟು ಕೊಳ್ಳತೊಡಗಿದವು. ಕೊಟ್ಟ ಮಾತೇ ಮಾರುವ ಸರಕಾಯಿತು.

ಬೆಂಗಳೂರಿನ ಕಿಂಗ್‌ಫಿಷರ್ 2005ರಲ್ಲಿ ಹಾರಾಟ ಆರಂಭಿಸಿತು. ಅದರ ಕಿಂಗ್ ಕ್ಲಬ್ಬಿನ ಕಾರ್ಡು ಜೇಬಿನಲ್ಲಿದ್ದರೆ ಅದೊಂದು ಗತ್ತು. 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಪ್ರಯಾಣಿಕರ ಪಾಯಿಂಟೂ ನೌಕರರ ಬಾಕಿಯೂ ಒಟ್ಟಿಗೇ ಅತಂತ್ರವಾದವು.

ಜೆಟ್ ಏರ್‌ವೇಸಿನ ಕಥೆ ಬೇರೆ, ನನ್ನನ್ನು ಕಾಡುವುದೂ ಅದೇ. ಅದರ ಪಾಯಿಂಟು ಯೋಜನೆಯಾದ ಜೆಟ್‌ಪ್ರಿವಿಲೇಜನ್ನು ಪ್ರತ್ಯೇಕ ಕಂಪೆನಿಯಾಗಿ ಮಾಡಲಾಯಿತು. 2014ರಲ್ಲಿ ಅಬುಧಾಬಿಯ ಎತಿಹಾದ್ ಸಂಸ್ಥೆ 15 ಕೋಟಿ ಡಾಲರಿಗೆ ಅದರ ಶೇ. 50.1 ಪಾಲನ್ನು ಕೊಂಡಿತು. 2019ರ ಏಪ್ರಿಲ್ 17ರಂದು ಜೆಟ್ ನಿಂತುಹೋಯಿತು. ಪಾಯಿಂಟು ಮಾತ್ರ ಸಾಯಲಿಲ್ಲ, ಬೇರೆ ಪೆಟ್ಟಿಗೆಯಲ್ಲಿತ್ತಲ್ಲ! ಅದೇ ನವೆಂಬರಿನಲ್ಲಿ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ವ್ಯಾಪಾರ ಮುಂದುವರಿಸಿತು.

ನೌಕರರ ಗತಿ? ಅವರ ಭವಿಷ್ಯನಿಧಿ, ಗ್ರಾಚ್ಯುಯಿಟಿ ಬಾಕಿ ಕೊಡಬೇಕೆಂದು 2022ರ ಅಕ್ಟೋಬರಿನಲ್ಲಿ ಕಂಪೆನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಜೆಟ್ಟನ್ನು ಕೊಳ್ಳಲು ಬಂದವರು ಮಾತಿನಂತೆ ಹಣ ಹಾಕಲಿಲ್ಲ. 2024ರ ನವೆಂಬರ್ 7ರಂದು ಅದೇ ಕೋರ್ಟು ಕಂಪೆನಿಯನ್ನು ಮುಚ್ಚಿ ಆಸ್ತಿ ಮಾರಲು ಆಜ್ಞೆ ಮಾಡಿತು. ವಿಮಾನ ನಿಂತು ಆಗಲೇ ಐದು ವರ್ಷ ಕಳೆದಿತ್ತು. ಅಷ್ಟು ಕಾಲ ಮಕ್ಕಳ ಫೀಜು ಕಟ್ಟಿದವರು ಯಾರು?

ಪ್ರಯಾಣಿಕನ ಪಾಯಿಂಟಿಗೆ ಬೇರೆ ಕಂಪೆನಿಯನ್ನೇ ಕಟ್ಟಿದವರಿಗೆ, ಅವನ ಪೆಟ್ಟಿಗೆ ಹೊತ್ತವನ ಗ್ರಾಚ್ಯುಯಿಟಿಯನ್ನು ಹಾಗೆಯೇ ಭದ್ರಪಡಿಸುವುದು ಕಷ್ಟವಾಗಿತ್ತೇ? ಪಾಯಿಂಟು ಗಿರಾಕಿಗೆ ಕೊಟ್ಟ ಬಕ್ಷೀಸು. ಗ್ರಾಚ್ಯುಯಿಟಿಯಾದರೋ 1972ರ ಕಾಯಿದೆ ಕೊಟ್ಟ ಹಕ್ಕು. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಗ್ರಾಚ್ಯುಯಿಟಿಗೆ ಕಡ್ಡಾಯ ವಿಮೆಯ ನಿಯಮ ಹೊರಡಿಸಿತು. ತಡವಾಯಿತು, ಆದರೂ ದಾರಿ ಸರಿ.

ನಮ್ಮ ಕಡೆಯ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಒಂದು ಪ್ರಶ್ನೆ ಸೇರಿಸಲಿ: ನಮ್ಮ ಗ್ರಾಚ್ಯುಯಿಟಿ ಎಲ್‌ಐಸಿಯಲ್ಲಿದೆಯೋ, ಧಣಿಯ ಲೆಕ್ಕದ ಪುಸ್ತಕದಲ್ಲಿದೆಯೋ? ಉತ್ತರವನ್ನು ಬರಹದಲ್ಲೇ ಪಡೆಯಿರಿ.