ಕಲ್ಲಿಗೆ ಹೊಗಳಿಕೆ, ಕೆಲಸಕ್ಕೆ ಮೌನ

ಯಾವ ಹೆಣ್ಣುಮಗಳು ಗೆಜ್ಜೆ ಕಟ್ಟಿ ಕುಣಿದರೂ ನಮ್ಮ ವಿಮರ್ಶಕ ಮಹಾಶಯರಿಗೆ ಹೊಳೆಯುವುದು ಒಂದೇ ಮಾತು: "ಬೇಲೂರಿನ ಶಿಲಾಬಾಲಿಕೆಗೆ ಜೀವ ಬಂತು!" ಅಲ್ಲಿಗೆ ವಿಮರ್ಶೆ ಮುಗಿಯಿತು. ಅರಸೀಕೆರೆಯಲ್ಲಿ ಕೊಬ್ಬರಿ ಕೊಳ್ಳುವ ವರ್ತಕ ಕೂಡ ಒಂದೆರಡನ್ನು ಒಡೆದು ನೋಡದೆ ಬೆಲೆ ಕಟ್ಟುವುದಿಲ್ಲ.

ಮಾಯಾ ರಾವ್ ಅವರನ್ನೇ ನೋಡಿ. ಬೆಂಗಳೂರಿನಲ್ಲಿ ಹುಟ್ಟಿದ ಈಕೆ ಶಂಭು ಮಹಾರಾಜರಲ್ಲಿ ಕಥಕ್ ಕಲಿತರು. 1960ರ ದಶಕದಲ್ಲಿ ಸೋವಿಯತ್ ದೇಶಕ್ಕೆ ಹೋಗಿ ನೃತ್ಯ ಸಂಯೋಜನೆಯನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿದರು. ಅದನ್ನು ಕಲಿಸಲೆಂದೇ ದೆಹಲಿಯಲ್ಲಿ ಶಾಲೆ ತೆರೆದು, 1987ರಲ್ಲಿ ಬೆಂಗಳೂರಿಗೆ ತಂದರು. 1989ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 2014ರಲ್ಲಿ ತೀರಿಕೊಂಡರು. ಹತ್ತಾರು ಜನರಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಹೊರಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಗೊತ್ತುಮಾಡುವುದು ತಿಂಗಳುಗಟ್ಟಲೆಯ ದುಡಿಮೆ. ಆ ದುಡಿಮೆಯನ್ನು "ಶಿಲಾಬಾಲಿಕೆ" ಎಂಬ ಒಂದು ಮಾತು ನುಂಗಿಹಾಕುತ್ತದೆ.

ಬೇಲೂರೇ ಇದಕ್ಕೆ ಒಪ್ಪುವುದಿಲ್ಲ. 1117ರಲ್ಲಿ ಅಲ್ಲಿ ಗುಡಿ ಕಟ್ಟಿಸಿದವನು ವಿಷ್ಣುವರ್ಧನ ರಾಜ, ನಿಜ. ಆದರೆ ಮದನಿಕೆಯರ ಕಾಲಬುಡದಲ್ಲಿ ಕೊರೆದಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಕೆಲಸಗಾರರ ಹೆಸರು. ಹಳೇಬೀಡಿನ ಗೋಡೆಗಳಲ್ಲೂ ಶಿಲ್ಪಿಗಳ ಹೆಸರುಗಳಿವೆ. ಒಂಬೈನೂರು ವರ್ಷಗಳ ಹಿಂದೆ ಕಲ್ಲಿನ ಮೇಲೆ ಸಿಕ್ಕ ಜಾಗ ಇಂದು ಪತ್ರಿಕೆಯ ಕಾಗದದ ಮೇಲೆ ಸಿಕ್ಕದೆ?

ಬಟ್ಟೆಯನ್ನು ಹೊಗಳಿ ನೇಯ್ದವನನ್ನು ಮರೆಯುವುದು ಎಂಥದ್ದೆಂದು ಗಿರಣಿಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ನಾವು ಕೇಳುವುದಿಷ್ಟೇ: ಕುಣಿತ ಕಟ್ಟಿದವರಾರು, ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ಬರೆಯಿರಿ. ತೆಗಳಿದರೂ ಸರಿಯೇ, ಕೆಲಸ ನೋಡಿ ತೆಗಳಿರಿ.