ಫಲಕದಿಂದ ಪ್ರಾಯಶ್ಚಿತ್ತವಾಗದು

ಕುಡಿದು ವಾಹನ ನಡೆಸಿದವನ ಕೊರಳಿಗೆ ಫಲಕ ಕಟ್ಟಿ ಪೇಟೆಯ ನಡುವೆ ನಿಲ್ಲಿಸಬೇಕೆಂಬ ಮಾತು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶ್ರಾವಕ ಬಂಧುಗಳ ಬಾಯಲ್ಲಿಯೂ ಕೇಳಿಬರುತ್ತಿದೆ. ಇದು ಧರ್ಮಸಮ್ಮತವೇ?

ಅಂಥವನ ಪರ ವಕಾಲತ್ತು ನನ್ನದಲ್ಲ. ಮದ್ಯತ್ಯಾಗವು ಶ್ರಾವಕನ ಮೂಲಗುಣ. ಕುಡಿದು ಚಕ್ರ ಹಿಡಿದವನು ಹಿಂಸೆಗೆ ಹೊಣೆಗಾರನೇ. ಅವನಿಗೆ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು ಇದೆ. 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಅಥವಾ ಎರಡೂ. ಅದು ಕಟ್ಟುನಿಟ್ಟಾಗಿ ಜಾರಿಯಾಗಲಿ.

ರಾಳೇಗಣ ಸಿದ್ಧಿಯಲ್ಲಿ ಅಣ್ಣಾ ಹಜಾರೆಯವರು ಕುಡುಕರನ್ನು ಕಂಬಕ್ಕೆ ಕಟ್ಟಿಸಿ ಹೊಡೆದದ್ದನ್ನು ಕೆಲವರು ಮಾದರಿಯೆನ್ನುತ್ತಾರೆ. ಶ್ರಮದಾನ, ಜಲಸಂಗ್ರಹಗಳಿಂದ ಎದ್ದ ಊರಿನ ಕೀರ್ತಿಯನ್ನು ಕಂಬಕ್ಕೆ ಕಟ್ಟುವುದು ಸರಿಯಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯನ್ನು ಹೆಸರಿಸಿದ್ದಾರೆ. ಜಿನಬಿಂಬದ ಛತ್ರದ ರತ್ನವನ್ನು ಕದ್ದ ಕಪಟವ್ರತಿಯನ್ನು ಆ ಶ್ರೇಷ್ಠಿಯು ಜನರೆದುರು ಹಳಿಯಲಿಲ್ಲ. ಏಕಾಂತದಲ್ಲಿ ಗದರಿಸಿ ಹೊರಗಟ್ಟಿದನು. ಅಪರಾಧವನ್ನು ನ್ಯಾಯಾಲಯದಿಂದ ಮರೆಮಾಚಬೇಕೆಂದು ಇದರ ಅರ್ಥವಲ್ಲ. ಬೀದಿಯನ್ನೇ ನ್ಯಾಯಾಲಯ ಮಾಡಬಾರದೆಂದು. ಬೀದಿಯಲ್ಲಿ ತೂಗಿದ ಫಲಕವನ್ನು ಅವನ ಹೆಂಡತಿ ಮಕ್ಕಳೂ ಹೊರಬೇಕಾಗುತ್ತದೆ. ಅವರ ಅಪರಾಧವೇನು? ತತ್ತ್ವಾರ್ಥಸೂತ್ರವು ಪರನಿಂದೆ, ಆತ್ಮಪ್ರಶಂಸೆಗಳನ್ನು ನೀಚಗೋತ್ರದ ಆಸ್ರವವೆನ್ನುತ್ತದೆ. ಫಲಕ ನೋಡಿ ನಗುವವನಿಗೂ ಆ ಲೆಕ್ಕ ತಪ್ಪದು.

ಇನ್ನೊಂದು ಕಟುಸತ್ಯ. ಔತಣಗಳಲ್ಲಿ ಮದ್ಯ ಹರಿಸುವ ಶ್ರೀಮಂತರಿಗೆ ಬಸದಿಯ ವೇದಿಕೆಯಲ್ಲಿ ಶಾಲು, ಕಬ್ಬಿನ ಟ್ರ್ಯಾಕ್ಟರ್ ಚಾಲಕನಿಗೆ ಫಲಕ: ಇದಾವ ನ್ಯಾಯ? ನಮ್ಮ ಟ್ರಸ್ಟುಗಳು ಮೊದಲು ಆ ಶಾಲನ್ನು ನಿಲ್ಲಿಸಲಿ. ಜಾರಿದವನ ಮನೆಗೆ ಇಬ್ಬರು ಹಿರಿಯರನ್ನು ಕಳುಹಿಸಿ, ಆಲೋಚನೆ ಮಾಡಿಸಿ, ಮದ್ಯತ್ಯಾಗದ ವ್ರತ ಕೊಡಿಸಲಿ. ಸ್ಥಿತೀಕರಣವೆಂದರೆ ಅದೇ.