ಏಳು ಶಿಲ್ಲಿಂಗಿನ ಲೆಕ್ಕ

ಮೊನ್ನೆ ಶಿವಮೊಗ್ಗದಿಂದ ಸೋದರಮಾವ ಫೋನ್ ಮಾಡಿದ್ದರು. "ಅಲ್ವೋ, ನಿಮ್ಮಲ್ಲಿ ಕಸ ಗುಡಿಸೋನಿಗೂ ಗಂಟೆಗೆ ಸಾವಿರದ ನಾನೂರು ರೂಪಾಯಿ ಅಂತೆ! ಇನ್ನೇನೋ ನಿಮ್ಮ ಗೋಳು?" ಡಾಲರನ್ನು ರೂಪಾಯಿಗೆ ಗುಣಿಸುವ ಚಟ ಬಂದ ಹೊಸತರಲ್ಲಿ ನನಗೂ ಇತ್ತು, ಒಂದು ಕಾಫಿ ಕುಡಿಯೋಕೂ ಮನಸ್ಸು ಬರ್ತಿರಲಿಲ್ಲ. ಆದರೆ ಮಾವ ಸಂಬಳವನ್ನು ಮಾತ್ರ ಗುಣಿಸ್ತಾರೆ, ಬಾಡಿಗೆಯನ್ನು ಗುಣಿಸೋದೇ ಇಲ್ಲ!

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರೋದು ಇಲ್ಲೇ ಮೆಲ್ಬರ್ನಿನಲ್ಲಿ ನನ್ನ ಹಾಗೇ ಕೀಬೋರ್ಡ್ ಕುಟ್ಟಿಕೊಂಡಿದ್ದು, ಯುಗಾದಿ ಊಟಕ್ಕೆ ಸೇರಿದಾಗ "ಇಲ್ಲಿ ಕಷ್ಟ ಅನ್ನೋರೆಲ್ಲ ಸೋಮಾರಿಗಳು ಕಣ್ರೀ" ಅನ್ನುತ್ತಾ ಒಬ್ಬಟ್ಟು ಮುರಿಯುವ ನಮ್ಮವರ ಮೇಲೆ.

ಸ್ವಲ್ಪ ಹಳೇ ಕತೆ ಹೇಳ್ತೀನಿ ಕೇಳಿ. ಟಾರ್ನೀಟ್‌ನಿಂದ ನಾನು ಆಫೀಸಿಗೆ ಹೋಗುವ ರೈಲು ಸನ್‌ಶೈನ್ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಆ ಊರಲ್ಲಿ ಒಂದು ಕಾಲಕ್ಕೆ ಎಚ್.ವಿ. ಮೆಕೇ ಎಂಬಾತನ ಕೊಯ್ಲು ಯಂತ್ರದ ಕಾರ್ಖಾನೆ ಇತ್ತು. ತಾನು ಕೊಡುವ ಕೂಲಿ ನ್ಯಾಯವಾದದ್ದು, ಹಾಗಾಗಿ ಉತ್ಪಾದನಾ ಸುಂಕದಿಂದ ವಿನಾಯಿತಿ ಬೇಕು ಅಂತ 1907ರಲ್ಲಿ ಆತ ಕೋರ್ಟಿಗೆ ಹೋದ. ನ್ಯಾಯಮೂರ್ತಿ ಹಿಗ್ಗಿನ್ಸ್ ಮಾಲೀಕನ ಲಾಭ ನಷ್ಟದ ಪುಸ್ತಕ ತೆರೆಸಲಿಲ್ಲ. ಕೂಲಿಗಳ ಹೆಂಡಂದಿರ ಸಾಕ್ಷಿ ಕೇಳಿದರು. ದಿನಸಿಗೆಷ್ಟು, ಹಾಲಿಗೆಷ್ಟು, ಉರುವಲಿಗೆಷ್ಟು? ಗಂಡ, ಹೆಂಡತಿ, ಮೂರು ಮಕ್ಕಳು ಮರ್ಯಾದೆಯಿಂದ ಬದುಕಬೇಕು, ಅದಕ್ಕೆ ದಿನಕ್ಕೆ 7 ಶಿಲ್ಲಿಂಗಿಗಿಂತ ಕಡಿಮೆ ಕೊಟ್ಟರೆ ಅದು ನ್ಯಾಯವಾದ ಕೂಲಿ ಅಲ್ಲ ಅಂದರು. ವಾರಕ್ಕೆ 42 ಶಿಲ್ಲಿಂಗ್. ಕೂಲಿಯವನ ಮನೆ ಬಾಡಿಗೆ ಅಂತ ಅವರು ಹಿಡಿದದ್ದು ವಾರಕ್ಕೆ 7 ಶಿಲ್ಲಿಂಗ್. ಅಂದರೆ ಒಂದು ದಿನದ ಕೂಲಿಗೆ ಒಂದು ವಾರದ ಬಾಡಿಗೆ!

(ಹಿಗ್ಗಿನ್ಸ್ ದೇವರೇನಲ್ಲ ಬಿಡಿ. ದುಡಿಯುವ ಹೆಂಗಸಿಗೆ ಆ ಲೆಕ್ಕದಲ್ಲಿ ಜಾಗ ಇರಲಿಲ್ಲ. 1901ರ ವಲಸೆ ಕಾಯ್ದೆಯ ಕೃಪೆಯಿಂದ ನನ್ನ ಬಣ್ಣದವನು ಇಲ್ಲಿ ಬಂದು ನೆಲೆಸುವ ದಾರಿ ಹೆಚ್ಚುಕಮ್ಮಿ ಮುಚ್ಚಿಯೇ ಇತ್ತು.)

ಈಗ 2025ರ ಜುಲೈನಲ್ಲಿ ಜಾರಿಯಾದ ಕನಿಷ್ಠ ವೇತನ ನೋಡಿ. ಗಂಟೆಗೆ 24.95 ಡಾಲರ್, 38 ಗಂಟೆಯ ವಾರಕ್ಕೆ 948. ಒಂದು ದಿನಕ್ಕೆ 190ಕ್ಕೆ ಒಂಚೂರು ಕಡಿಮೆ. ನಾನು ಕೊಡುವ ಬಾಡಿಗೆ ವಾರಕ್ಕೆ 480. ಕನಿಷ್ಠ ವೇತನದವನು ನನ್ನ ಮನೆಯಲ್ಲಿದ್ದರೆ ಸೋಮವಾರ, ಮಂಗಳವಾರ ಪೂರ್ತಿ, ಬುಧವಾರ ಮಧ್ಯಾಹ್ನ ದಾಟುವವರೆಗೂ ಓನರಿಗೇ ದುಡಿಯಬೇಕು, ಅದೂ ತೆರಿಗೆ ಕಳೆಯುವ ಮುಂಚಿನ ಲೆಕ್ಕದಲ್ಲಿ. ಇವನು ಸೋಮಾರಿಯೇ ಸ್ವಾಮಿ?

ಕಡಿಮೆ ಸಂಬಳದವರ ಅಗತ್ಯ ನೋಡಬೇಕು ಅಂತ ಕಾನೂನಿನಲ್ಲೇನೋ ಬರೆದಿದೆ. ಆದರೆ ಫೇರ್ ವರ್ಕ್ ಕಮಿಷನ್ನಿನಿಂದ ಕೊನೆಗೆ ಹೊರಬರೋದು ಹೋದ ವರ್ಷದ ಸಂಬಳದ ಮೇಲೆ ಇಂತಿಷ್ಟು ಪರ್ಸೆಂಟ್, 2025ರಲ್ಲಿ 3.5. ಹೆಂಡತಿಯನ್ನು ಕೇಳುತ್ತಿದ್ದ ಲೆಕ್ಕ ಎಕ್ಸೆಲ್ ಶೀಟಿಗೆ ಬಂದು ನಿಂತಿದೆ. 2022ರ ಕೊನೆಗೆ ಬೆಲೆಗಳು ವರ್ಷಕ್ಕೆ 7.8 ಪರ್ಸೆಂಟ್ ಏರಿದ್ದವು, ಸಂಬಳ ಏರಿದ್ದು 3.3. ಆಗಲೂ ದೊಡ್ಡವರ ಉಪದೇಶ ಏನು? ಸಂಬಳ ಜಾಸ್ತಿ ಮಾಡಿದರೆ ಬೆಲೆ ಏರತ್ತೆ! ಅದಾಗಲೇ ಏರಿ ಕೂತಿತ್ತಲ್ಲ, ಯಾರ ಸಂಬಳದಿಂದ?

ರಿಸರ್ವ್ ಬ್ಯಾಂಕಿನ ಔಷಧಿ ಇನ್ನೂ ಚೆನ್ನ. 2024ರವರೆಗೆ ಬಡ್ಡಿ ಏರಲಿಕ್ಕಿಲ್ಲ ಅಂತ 2021ರಲ್ಲಿ ಅದರ ಗವರ್ನರ್ ಫಿಲಿಪ್ ಲೋ ಹೇಳಿದ್ದರು. 2022ರ ಮೇನಿಂದ 2023ರ ನವೆಂಬರ್ ಒಳಗೆ 13 ಸಲ ಏರಿಸಿ 0.10 ಇದ್ದದ್ದನ್ನು 4.35ಕ್ಕೆ ತಂದರು. ನಂಬಿ ಸಾಲ ಮಾಡಿದವರ ಹತ್ತಿರ ಮಧ್ಯದಲ್ಲಿ ಕ್ಷಮೆಯನ್ನೂ ಕೇಳಿದರು, ಪಾಪ. ನಮ್ಮ ಓನರ್ ಕ್ಷಮೆ ಕೇಳಲಿಲ್ಲ, ಬಾಡಿಗೆ 60 ಡಾಲರ್ ಏರಿಸಿದ ಈಮೇಲ್ ಬಂತು.

ಒಬ್ಬಟ್ಟಿನ ಗೆಳೆಯರ ವಿಷಯಕ್ಕೆ ಬರ್ತೀನಿ. ಗಂಡ ಹೆಂಡತಿ ಇಬ್ಬರೂ ಐಟಿ, ಬಾಡಿಗೆಗೆ ಕೊಡಲು ಎರಡನೇ ಮನೆ. ಆ ಮನೆಯ ನಷ್ಟವನ್ನು ಸಂಬಳದ ತೆರಿಗೆಯಲ್ಲಿ ಕಳೆದುಕೊಂಡರು. ಮಾರಿದಾಗ ಬರುವ ಲಾಭದಲ್ಲಿ ಅರ್ಧಕ್ಕೆ ತೆರಿಗೆಯೇ ಇಲ್ಲ ಎನ್ನುವ ನಿಯಮ ಬಂದದ್ದು 1999ರಲ್ಲಿ. ಇದಕ್ಕೆಲ್ಲ ಕತ್ತರಿ ಹಾಕ್ತೀವಿ ಅಂತ 2019ರ ಚುನಾವಣೆಗೆ ಹೋದ ಲೇಬರ್ ಪಕ್ಷ ಸೋತಿತು. ಅದನ್ನು ಇವರು ಈಗಲೂ ಖುಷಿಯಿಂದ ಹೇಳ್ತಾರೆ. ನಮ್ಮಂಥ ವೀಸಾದವರಿಗೆ ಕೊಡಬೇಕಾದ ಕನಿಷ್ಠ ಸಂಬಳ 2013ರಿಂದ 2023ರವರೆಗೆ, ಹತ್ತು ವರ್ಷ, 53,900 ಡಾಲರಿನಲ್ಲೇ ಕೊಳೆಯಿತು. ಆಗ ತುಟಿ ಬಿಚ್ಚಲಾಗದೆ ಕೂತಿದ್ದವರು ಇವರೇ. ಸಿಟಿಜನ್ ಆದ ತಕ್ಷಣ ಬೇರೆಯವರು ಸೋಮಾರಿಗಳಾದರು!

ನಾನೇನು ಸಾಚಾ ಅಂತಲ್ಲ. ಮನೆಗೆ ಡಿಪಾಸಿಟ್ ಕೂಡಿಸ್ತಾ ಇದ್ದೀನಿ. ಕೊಳ್ಳುವವರೆಗೆ ಬೆಲೆ ಇಳೀಲಿ, ಕೊಂಡ ಮಾರನೇ ದಿನದಿಂದ ಏರಲಿ ಅಂತ ಮನಸ್ಸಿನಲ್ಲಿದೆ. ನಾನು ಕೊಳ್ಳುವ ಮನೆಯ ಬೆಲೆ ಏರಿದಷ್ಟೂ ಪಕ್ಕದ ಮನೆಯವನಿಗೆ ಸ್ವಂತ ಮನೆ ದೂರ ಆಗ್ತದೆ ಅಂತ ಗೊತ್ತಿದ್ದೂ. ಅವನು ಗೋದಾಮಿನಲ್ಲಿ ರಾತ್ರಿ ಪಾಳಿ, ಹೆಂಡತಿ ಚೈಲ್ಡ್‌ಕೇರಿನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ತಾಳೆ. ಬಂದ ದುಡ್ಡಿನಲ್ಲಿ ಒಂದು ಪಾಲು ತನ್ನ ಮಗುವಿನ ಚೈಲ್ಡ್‌ಕೇರಿಗೇ ಹೋಗ್ತದೆ.

ಮೆಕೇಯ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಶಾಪಿಂಗ್ ಮಾಲ್ ಇದೆ. ಹೋದ ಭಾನುವಾರ ಸಂಜೆ ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ, ಅವಧಿ ಮುಗಿಯುತ್ತಾ ಬಂದ ಬ್ರೆಡ್ಡಿಗೆ ಹಳದಿ ಚೀಟಿ ಅಂಟಿಸುವ ಹೊತ್ತಿಗೆ ಕಾದು ನಿಂತಿದ್ದೆ. ಪಕ್ಕದ ಮನೆಯವಳೂ ಬಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಬುಟ್ಟಿ ತುಂಬಿಸಿಕೊಂಡು ಬಂದೆವು.